ಕಲ್ಲು ಸರಿಸಿದ ಹಿತ್ತಲು

ಫೆಬ್ರುವರಿ ೨೮, ಶುಕ್ರವಾರ

ಎರಡು ನೋಟ್‌ಬುಕ್ ತರಿಸಿದ್ದೇನೆ. ಸಣ್ಣದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ, ಮನೆಯವರ ಜೊತೆ ಬರೆದು ಮಾತನಾಡಲು. ದೊಡ್ಡದು ಇದು, ನನಗೊಬ್ಬಳಿಗೇ. ಬಾಯಿ ಬಂದ್ ಮಾಡಿದರೂ ಒಳಗಿನ ಮಾತು ಎಲ್ಲಿಗಾದರೂ ಹೋಗಬೇಕಲ್ಲ.

ಇಳಕಲ್ ಡಿಪೊದಲ್ಲಿ ಕಂಡಕ್ಟರ್ ಆಗಿ ಹದಿನಾರು ವರ್ಷ "ಹಿಂದ ಸರೀರಿ, ಬಾಗಲಾ ಬಿಡ್ರಿ" ಎಂದು ಕೂಗಿದ್ದಕ್ಕೆ ಗಂಟಲೊಳಗೆ ಗಂಟು ಬೆಳೆಯಿತು. ಮಂಗಳವಾರ ಬಾಗಲಕೋಟೆಯಲ್ಲಿ ಆಪರೇಶನ್ ಮಾಡಿ ತೆಗೆದರು. ಹದಿನೈದು ದಿನ ಒಂದಕ್ಷರ ಆಡಕೂಡದು, ಪಿಸುಮಾತು ಕೂಡ ಇಲ್ಲ. ಆಮೇಲೆ ತಾಸಿಗೆ ಐದು ನಿಮಿಷ, ಮೆಲ್ಲಗೆ. ಏಪ್ರಿಲ್ ಒಂಬತ್ತಕ್ಕೆ ಮತ್ತೆ ತೋರಿಸಬೇಕು. ಬಸ್ಸು ಹತ್ತಬಹುದೋ ಇಲ್ಲವೋ ಎನ್ನುವುದು ಆವತ್ತು ಗೊತ್ತಾಗುತ್ತದೆ. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಿದ್ದಾರೆ. ಯಾಕೆ ಎಂದು ಬರೆದು ತೋರಿಸಿದೆ. ಸುಮ್ಮನೆ, ಎಲ್ಲರದನ್ನೂ ಕಳಿಸುತ್ತೇವೆ ಎಂದರು ಡಾಕ್ಟರು, ನನ್ನ ಮುಖ ನೋಡದೆ.

ನಮ್ಮವರು ಎಂಟಕ್ಕೆ ಗ್ರಾನೈಟ್ ಫ್ಯಾಕ್ಟರಿಗೆ ಹೋದರೆ ಬರುವುದು ಸಂಜೆಗೆ. ಮಗಳು ಧಾರವಾಡದ ಹಾಸ್ಟೆಲಿನಲ್ಲಿ. ಇಡೀ ಹಗಲು ಮನೆಯಲ್ಲಿ ನಾನು ಮತ್ತು ಇವರ ತಾಯಿ, ಸಿದ್ದವ್ವ. ನಮ್ಮ ನಡುವೆ ಜಗಳವೇನಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಜಗಳವಾಡುವಷ್ಟು ಮಾತೇ ಆಗಿಲ್ಲ. "ನಳ ಬಂತು." "ಹಾಲ ಕಾಸೀನಿ." ಅಷ್ಟರಲ್ಲಿ ಮುಗಿಯುತ್ತಿತ್ತು. ನಾನು ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, ಮಾತೆಲ್ಲ ಬಸ್ಸಿನಲ್ಲೇ ಮುಗಿಸಿ ಬರುವವಳು.

ಏಪ್ರಿಲ್ ಒಂಬತ್ತಕ್ಕೆ ಇನ್ನು ನಲವತ್ತು ದಿನ.

ಮಾರ್ಚ್ ೨, ರವಿವಾರ

ಬೆಳಿಗ್ಗೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುವಾಗ ಸಿಟ್ಟು ಬಂತು. ಯಾರ ಮೇಲೆ ಎಂದಿಲ್ಲ. ಕೂಗಲು ಬರುವುದಿಲ್ಲ, ಯಾರಿಗೂ ಬಯ್ಯಲು ಬರುವುದಿಲ್ಲ. ಎದುರಿಗೆ ಕಂಡದ್ದು ಕಲ್ಲು. ಫ್ಯಾಕ್ಟರಿಯಲ್ಲಿ ಕತ್ತರಿಸಿ ಉಳಿದ ಗ್ರಾನೈಟ್ ಪಟ್ಟಿಗಳನ್ನು ನಮ್ಮವರು ಮುಂದೆ ಕೆಲಸಕ್ಕೆ ಬಂದಾವು ಎಂದು ತಂದು ತಂದು ಹಿತ್ತಲು ತುಂಬಿಸಿದ್ದಾರೆ. ಒಂದನ್ನು ಎತ್ತಿ ಗೋಡೆಗೆ ಆನಿಸಿದೆ. ಆಮೇಲೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಬೆವರಿನಲ್ಲಿ ತೊಯ್ದು ತಪ್ಪಡಿಯಾಗಿದ್ದೆ, ಹಿತ್ತಲಿನ ಅರ್ಧ ನೆಲ ಕಾಣುತ್ತಿತ್ತು. ಕಪ್ಪು ಮಣ್ಣು. ಕಲ್ಲಿನ ಕೆಳಗೆ ಇನ್ನೂ ತಂಪಾಗಿತ್ತು, ಎರೆಹುಳು ಸಹ ಇತ್ತು.

ಇವರ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಮೆಲ್ಲಗೆ ಇಳಿದು ಬಂದು ಕುಕ್ಕರಗಾಲಲ್ಲಿ ಕುಳಿತರು. ಒಂದು ಹಿಡಿ ಮಣ್ಣು ತೆಗೆದು ಹಿಚುಕಿ, ಉಂಡೆ ಮಾಡಿ, ಒಡೆದು, ಮೂಗಿಗೆ ಹಿಡಿದರು.

"ಇಂಥಾ ಎರಿ ಮಣ್ಣಿನ ಮ್ಯಾಲ ಇಷ್ಟ ವರ್ಸ ಕಲ್ಲ ಹೇರಿದ್ನೇನು ನನ್ನ ಮಗ" ಎಂದರು. ಆಮೇಲೆ ಅಲ್ಲೇ ಕೂತು ಬೆರಳಿನಿಂದ ಗೆರೆ ಎಳೆಯತೊಡಗಿದರು. ಇಲ್ಲಿ ಬೆಂಡಿ, ಇಲ್ಲಿ ಚವಳಿಕಾಯಿ, ಗೋಡೆಗುಂಟ ಹೀರಿ, ಬಚ್ಚಲ ನೀರು ಹರಿಯುವ ಕಡೆ ರಾಜಗಿರಿ ಸೊಪ್ಪು. ನಾನು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅವರಿಗೆ ತೋಟದ ಕೆಲಸ ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಕಂಡಾಗಿನಿಂದ ಅವರು ಮಗ್ಗದವರಿಗೆ ನೂಲು ಸುತ್ತಿಕೊಡುತ್ತ ಪಡಸಾಲೆಯಲ್ಲೇ ಕೂತವರು.

ಕೈಗೆ ಬೊಬ್ಬೆ ಬಂದಿದೆ. ನಾಳೆ ಉಳಿದ ಕಲ್ಲು.

ಮಾರ್ಚ್ ೫, ಬುಧವಾರ

ಬಿತ್ತಿದೆವು!

ಖಾಸಿಂಸಾಬರು ಬಂದಿದ್ದರು. ನಮ್ಮ ಬೆಳಗಾವಿ ಗಾಡಿಯ ಡ್ರೈವರು, ಏಳು ವರ್ಷ ಅವರ ಜೊತೆಯೇ ನನ್ನ ಡ್ಯೂಟಿ. ನೋಡಿಕೊಂಡು ಹೋಗಲು ಬಂದವರಿಗೆ ಗೊಬ್ಬರ ಎಲ್ಲಿ ಸಿಗುತ್ತದೆ ಎಂದು ಬರೆದು ತೋರಿಸಿದೆ. ಓದಿ ನಕ್ಕು ಹೋದರು, ಎರಡೇ ತಾಸಿನಲ್ಲಿ ಅಳಿಯನ ಟಂಟಂ ಗಾಡಿಯಲ್ಲಿ ನಾಲ್ಕು ಚೀಲ ತಿಪ್ಪೆಗೊಬ್ಬರ ಬಂತು. ಹಳೆಯ ಗೊಬ್ಬರ, ಚಹಾಪುಡಿಯಂತೆ ಉದುರುದುರು.

ಮಡಿಗಳ ಅಂಚಿಗೆ ಪಾಲಿಶ್ ಆದ ಗ್ರಾನೈಟ್ ಪಟ್ಟಿಗಳನ್ನೇ ನಿಲ್ಲಿಸಿದೆ. ಎಷ್ಟು ಚಂದ ಎಂದರೆ ಅದರಲ್ಲಿ ನನ್ನ ಮುಖ ಕಾಣುತ್ತದೆ. ಇಡೀ ಇಳಕಲ್ಲಿನಲ್ಲಿ ಇಷ್ಟು ಮೆರುಗಿನ ಮಡಿಯಲ್ಲಿ ಯಾರೂ ಬೆಂಡೆ ಬಿತ್ತಿರಲಿಕ್ಕಿಲ್ಲ. ಅತ್ತೆ ಆ ಪಟ್ಟಿಗಳನ್ನು ನೋಡಿ ಏನೋ ಹೇಳಲು ಹೋಗಿ ಸುಮ್ಮನಾದರು. ನನ್ನ ಹುರುಪು ನೋಡಿ ಬಿಟ್ಟರೇನೋ.

ಬೆಂಡೆ, ಚವಳಿ, ಹೀರೆ, ಸವತೆ, ರಾಜಗಿರಿ. ಹೀರೆ ಬೀಜದ ಚೂಪು ತುದಿ ಕೆಳಗೆ ಬರಬೇಕಂತೆ. ಒಂದೊಂದನ್ನೂ ಅವರು ಹೇಳಿದಂತೆ ಚುಚ್ಚಿದೆ. ನಳ ನಾಲ್ಕು ದಿನಕ್ಕೊಮ್ಮೆ ಬರುವುದರಿಂದ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಇನ್ನು ಒಂದು ಕೊಡದಲ್ಲಿ ಕೂಡಿಡಬೇಕೆಂದು ತೀರ್ಮಾನವಾಯಿತು.

ಮಾರ್ಚ್ ೭, ಶುಕ್ರವಾರ

ಏನೂ ಇಲ್ಲ. ಬಾಗಲಕೋಟೆಯಿಂದ ಫೋನೂ ಇಲ್ಲ. ಉಗುರಿನಿಂದ ಮಣ್ಣು ಕೆದರಿ ನೋಡಲು ಹೋಗಿ ಅತ್ತೆಯ ಕೈಗೆ ಸಿಕ್ಕೆ.

"ಬಸ್ಸಿಗೆ ಟೈಮ ಇರತೈತಿ, ಬೀಜಕ್ಕ ಇರೂದಿಲ್ಲ" ಎಂದರು.

ಮಾರ್ಚ್ ೧೦, ಸೋಮವಾರ

ಬೆಂಡೆ ಎದ್ದಿದೆ! ಒಂದಲ್ಲ, ಎರಡಲ್ಲ, ಹದಿಮೂರು. ನಿನ್ನೆ ಸಂಜೆ ಮಣ್ಣು ಅಲ್ಲಲ್ಲಿ ಬಿರಿದಿತ್ತು, ಇರುವೆ ಕೆದರಿರಬೇಕೆಂದುಕೊಂಡೆ. ಇವತ್ತು ಚಹಾ ಲೋಟ ಹಿಡಿದು ಬಂದರೆ ಹದಿಮೂರು ಬಗ್ಗಿದ ಕುತ್ತಿಗೆಗಳು. ಕೆಲವಕ್ಕೆ ಬೀಜದ ಸಿಪ್ಪೆ ಟೋಪಿಯಂತೆ ತಲೆಯ ಮೇಲೆಯೇ ಇದೆ. ಚವಳಿ ಸಾಲಿನಲ್ಲಿ ಇನ್ನೂ ಹಸಿರಿಲ್ಲ, ಆದರೆ ಮಣ್ಣು ಉಬ್ಬಿದೆ. ರಾಜಗಿರಿಯಂತೂ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ, ಎಣಿಸಲು ಆಗುವುದಿಲ್ಲ.

ಒಳಗೆ ಓಡಿ ಅತ್ತೆಯ ಕೈ ಹಿಡಿದು ಎಳೆದುಕೊಂಡು ಬಂದೆ. ಹಿಟ್ಟಿನ ಕೈಯಲ್ಲೇ ಬಂದರು. ರೊಟ್ಟಿ ಹೊತ್ತಿತು, ಯಾರಿಗೂ ನೆನಪಿರಲಿಲ್ಲ. ಅಲ್ಲೇ ಕೂತು ತಮ್ಮ ತವರಿನ ಮಾತು ತೆಗೆದರು. ಪಟ್ಟದಕಲ್ಲಿನಲ್ಲಿ ಮಲಪ್ರಭೆಯ ದಂಡೆಗೆ ಅವರ ತಂದೆಯದು ಕಾಯಿಪಲ್ಯದ ತುಂಡು ಹೊಲ ಇತ್ತಂತೆ. ಹೊಳೆ ಇಳಿದಾಗ ಮರಳಿನಲ್ಲಿ ಸವತೆ ಹಾಕುತ್ತಿದ್ದರಂತೆ. ಎಂಟು ವರ್ಷದವರಿದ್ದಾಗ ಇವರೇ ಬುಟ್ಟಿ ಹೊತ್ತು ಸಂತೆಗೆ ನಡೆದು ಹೋಗುತ್ತಿದ್ದರಂತೆ. ನನಗೆ ಕೇಳಬೇಕಾದ್ದು ಎಷ್ಟೋ ಇತ್ತು. ಸಣ್ಣ ನೋಟ್‌ಬುಕ್ ಕೊರಳಿಗೆ ಹಾಕಿಕೊಳ್ಳದೆ ಒಳಗೇ ಬಿಟ್ಟು ಬಂದಿದ್ದೆ, ಹಾಗಾಗಿ ಅವರೇ ಹೇಳುತ್ತ ಹೋದರು, ಬಿಸಿಲು ತಲೆಗೆ ಬರುವವರೆಗೆ.

ಹೀರೆ ಇನ್ನೂ ಇಲ್ಲ. ಸವತೆ ಎರಡು.

ಬಾಗಲಕೋಟೆಯಿಂದ ಮಧ್ಯಾಹ್ನ ಫ್ಯಾಕ್ಟರಿಯಲ್ಲಿದ್ದ ನಮ್ಮವರಿಗೆ ಫೋನು ಬಂತಂತೆ, ಸಂಜೆ ಬಂದು ಹೇಳಿದರು. ಗಂಟಿನಲ್ಲಿ ಕೆಟ್ಟದ್ದೇನೂ ಇಲ್ಲವಂತೆ.

ಮಾರ್ಚ್ ೧೫, ಶನಿವಾರ

ತಪ್ಪು ನನ್ನದೇ. ಅಂಚಿನ ಬೆಂಡೆ ಸಸಿಗಳು ಐದೂ ಸುಟ್ಟುಹೋದವು. ಮಧ್ಯಾಹ್ನ ಎರಡಕ್ಕೆ ಗ್ರಾನೈಟ್ ಪಟ್ಟಿ ಮುಟ್ಟಿದೆ, ಹಂಚು ಮುಟ್ಟಿದ ಹಾಗೆ ಚುರ್ ಎಂದಿತು. ಆ ಕಾವು ನೇರ ಸಸಿಗೆ. ಬೇಸಿಗೆ ಇನ್ನೂ ಈಗ ಶುರು. ಅತ್ತೆಗೆ ಮೊದಲ ದಿನವೇ ಗೊತ್ತಿತ್ತು, ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಈಗ ನನಗೆ ತಾಸಿಗೆ ಐದು ನಿಮಿಷ ಮಾತಿದೆ, ಅದರಲ್ಲಿ ಮೊದಲನೆಯದು ಇದಕ್ಕೇ ಹೋಯಿತು. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ದಪ್ಪ, ಒಣಗಿದ್ದು, ಯಾರದೋ ಗಂಡಸಿನದು.

"ನೀ ಯಾವತ್ತರ ನನ್ನ ಕೇಳಿದ್ದೇನು?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿಯೇ ಕೇಳಿದರು.

ಕಲ್ಲು ಕೀಳತೊಡಗಿದೆ. ಕಾದ ಕಲ್ಲು ಹಿಡಿಯಲು ಅವರು ಚೀಲ ತೋಯಿಸಿ ತಂದರು. ಕಲ್ಲಿದ್ದ ಕಡೆ ಈಗ ಜೋಳದ ಒಣದಂಟು, ಕಣಿಕೆ ಹರಡಿದ್ದೇವೆ. ಸಸಿಗಳ ಮೇಲೆ ಅವರ ಎರಡು ಹಳೆಯ ಸೀರೆ ಕಟ್ಟಿದೆವು. ಅವು ಹರಿದ ಕಡೆಯಿಂದ ಬಿಸಿಲು ಬೊಟ್ಟು ಬೊಟ್ಟಾಗಿ ಬೀಳುತ್ತದೆ, ಸಸಿಗಳಿಗೆ ಅಷ್ಟೇ ಸಾಕಂತೆ.

ಹೀರೆ ಬಂತು! ನಾಲ್ಕಕ್ಕೆ ನಾಲ್ಕೂ.

ಮಾರ್ಚ್ ೧೯, ಬುಧವಾರ

ಕಳೆದ ವಾರ ಖಾಸಿಂಸಾಬರು ಕಲಾದಗಿಯಲ್ಲಿ ಗಾಡಿ ನಿಂತಾಗ ಟೊಮೆಟೊ, ಮೆಣಸು, ಬದನೆ ಸಸಿ ತಂದುಕೊಟ್ಟಿದ್ದರು. ಟೊಮೆಟೊ ಮತ್ತು ಮೆಣಸು ಎದ್ದು ನಿಂತಿವೆ. ಬದನೆ ಒಂದೊಂದಾಗಿ ಸೊರಗಿ, ಬುಡ ಕಪ್ಪಾಗಿ, ಇವತ್ತು ಕೊನೆಯದೂ ಹೋಯಿತು. ಬದನೆ ಇಲ್ಲದ ಹಿತ್ತಲು ಎಂಥ ಹಿತ್ತಲು.

ಊಟಕ್ಕೆ ಕೂತಾಗ ಅತ್ತೆ ತಟ್ಟೆ ನೋಡುತ್ತ, ಪಟ್ಟದಕಲ್ಲಿನ ಮುಳ್ಳಬದನೆಗೆ ಈ ರೋಗವೇ ಬರುವುದಿಲ್ಲ ಎಂದರು. ಹಸಿರು ಗೆರೆಯ ಸಣ್ಣ ಕಾಯಿ, ತೊಟ್ಟಿನ ಮೇಲೆ ಮುಳ್ಳು. ಅವರ ತಮ್ಮ ಸಂಗಯ್ಯ ಈಗಲೂ ಬೆಳೆಯುತ್ತಾರೆ. ತರೋಣ ಎಂದೆ. ಅವರು ಎದ್ದು ಕೈ ತೊಳೆದುಬಿಟ್ಟರು.

ನಮ್ಮವರನ್ನು ಕೇಳಿದೆ. ಅವ್ವ ತವರಿಗೆ ಹೋಗದೆ ಇಪ್ಪತ್ತೆರಡು ವರ್ಷವಾಯಿತು, ಆ ಮಾತು ತೆಗೆಯಬೇಡ ಎಂದರು. ನನ್ನ ಮದುವೆಗೆ ಆ ಕಡೆಯವರು ಯಾರೂ ಬರಲಿಲ್ಲ ಎಂಬುದು ಈಗ ನೆನಪಾಗುತ್ತಿದೆ. ಆವತ್ತು ಕೇಳುವ ಪುರಸೊತ್ತು ಇರಲಿಲ್ಲ.

ಮಾರ್ಚ್ ೨೪, ಸೋಮವಾರ

ಇಪ್ಪತ್ತಾರು ಬದನೆ ಸಸಿ!

ಶನಿವಾರ ಸಂಜೆ ಅತ್ತೆಯೇ ಬಂದು, ನಾಳೆ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ನಿನ್ನೆ ಬೆಳಿಗ್ಗೆ ಹೊರಟು ಅಮೀನಗಡದಲ್ಲಿ ಬಸ್ಸು ಬದಲಿಸಿದೆವು. ಟಿಕೆಟ್ ಕೊಂಡು ಸೀಟಿನಲ್ಲಿ ಕೂತು ಹೋಗುವುದು ಎಷ್ಟು ವರ್ಷದ ಮೇಲೋ. ಕಂಡಕ್ಟರ್ ಹುಡುಗಿ ನನ್ನನ್ನು ಗುರುತಿಸಿ ಯಾವಾಗ ಬರ್ತೀರಿ ಅಕ್ಕಾರ ಎಂದಳು. ಕೊರಳು ತೋರಿಸಿ ಸುಮ್ಮನಾದೆ. ಐದು ನಿಮಿಷವನ್ನು ಕೂಡಿಡಬೇಕಿತ್ತು.

ಸಂಗಯ್ಯನವರು ಹೊಳೆ ದಂಡೆಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ತೆಳ್ಳಗಿನ, ಎತ್ತರದ ಆಳು, ಅರವತ್ತು ದಾಟಿದವರು. ಅಕ್ಕನನ್ನು ಕಂಡು ಕುರ್ಪಿ ಹಿಡಿದ ಕೈ ಹಾಗೇ ನಿಂತಿತು.

"ಅಕ್ಕಾ" ಎಂದರು.

"ಬದನಿ ಅಗಿ ಬೇಕಾಗಿದ್ವು" ಎಂದರು ಅತ್ತೆ.

ಅಷ್ಟೇ. ಅವರು ಮಡಿಗೆ ಹೋಗಿ ಒಂದೊಂದು ಸಸಿಯನ್ನೂ ಬೇರಿನ ಮಣ್ಣು ಉದುರದಂತೆ ಎತ್ತಿ ತೊಯ್ದ ಗೋಣಿಯಲ್ಲಿ ಸುತ್ತತೊಡಗಿದರು. ಅವರ ಹೆಂಡತಿ ಓಡಿಬಂದು ಮನೆಗೆ ಕರೆದರು, ನೀರು ತಂದರು. ಅತ್ತೆ ತಂಬಿಗೆ ಮುಟ್ಟಲಿಲ್ಲ. ನನಗೆ ಬಾಯಾರಿತ್ತು, ಕುಡಿದೆ. ನಾಲಿಗೆಯ ತುದಿಗೆ ಹತ್ತು ಮಾತು ಬಂದಿದ್ದವು. ಹಳೆಯ ಸುನಂದಾ ಆಗಿದ್ದರೆ ಅಲ್ಲೇ ಇಬ್ಬರನ್ನೂ ಕೂಡಿಸಿ ನ್ಯಾಯ ಮಾಡಿಬಿಡುತ್ತಿದ್ದೆ. ಗಂಟಲಿಗೆ ಹೆದರಿ ಸುಮ್ಮನೆ ಕೂತೆ. ಹೊರಡುವಾಗ ಅವರ ಹೆಂಡತಿ ನನ್ನ ಸಣ್ಣ ನೋಟ್‌ಬುಕ್ ಇಸಿದುಕೊಂಡು ಅದರಲ್ಲಿ ಫೋನ್ ನಂಬರು ಬರೆದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು. ಅವರ ಅವ್ವ ತೀರಿದಾಗ ಇವರಿಗೆ ಸುದ್ದಿ ಮುಟ್ಟಿದ್ದು ಮರುದಿನ. ಎದ್ದುಬಿದ್ದು ಹೋದರೆ ಆಗಲೇ ಮಣ್ಣು ಮಾಡಿ ಮುಗಿದಿತ್ತು.

"ನಮ್ಮವ್ವನ ಮಾರಿ ತೋರಿಸ್ಲಿಲ್ಲ ಸುನಂದಾ ಅವ. ಒಂದ ದಿನಾ ಕಾಯಬಾರದಾಗಿತ್ತ?"

ನಾನು ಅವರ ಕೈ ಮೇಲೆ ಕೈ ಇಟ್ಟೆ. ಇನ್ನೊಂದು ಕೈಯಲ್ಲಿ ಗೋಣಿ ಗಂಟು.

ಸಂಜೆ ಐದೂವರೆಗೆ ನೆಟ್ಟು ಮುಗಿಸಿದೆವು. ಎರಡು ಸಾಲು, ಹದಿಮೂರು ಹದಿಮೂರು. ಇವತ್ತು ಬೆಳಿಗ್ಗೆ ಒಂದೂ ಬಾಡಿಲ್ಲ.

ಮಾರ್ಚ್ ೩೦, ರವಿವಾರ, ಯುಗಾದಿ

ಮೊದಲ ಕೊಯ್ಲು. ರಾಜಗಿರಿ, ಒಂದು ಬುಟ್ಟಿ. ಹಬ್ಬದ ಹೋಳಿಗೆಗಿಂತ ಅದರ ಪಲ್ಯವೇ ಮೊದಲು ಖಾಲಿಯಾಯಿತು. ಅಂಗಡಿಯ ರಾಜಗಿರಿಗೆ ಈ ರುಚಿ ಇರುವುದಿಲ್ಲ ಎಂದು ನಮ್ಮವರು ಮೂರು ಸಲ ಹೇಳಿದರು, ಕಲ್ಲು ಹೇರಿದ ತಪ್ಪಿಗೆ.

ಖಾಸಿಂಸಾಬರ ಮನೆಯಿಂದ ನಾಳೆಯ ರಂಜಾನ್ ಹಬ್ಬಕ್ಕೆ ಕರೆ ಬಂದಿದೆ. ಅವರಿಗೂ ಒಂದು ಕಟ್ಟು ಕಳಿಸಿದೆವು.

ಏಪ್ರಿಲ್ ೨, ಬುಧವಾರ

ಹೀರೆಯ ಕೈ ಹಂದರ ಹಿಡಿಯಿತು. ಬೆಳಿಗ್ಗೆ ನೂಲಿನಿಂದ ನಾಲ್ಕು ಬೆರಳು ದೂರವಿದ್ದ ಎಳೆ, ಮಧ್ಯಾಹ್ನದ ಹೊತ್ತಿಗೆ ಎರಡು ಸುತ್ತು ಸುತ್ತಿದೆ. ಮಗ್ಗದವರು ಕೊಟ್ಟ ಉಳಿಕೆ ನೂಲಿನಲ್ಲಿ ಅತ್ತೆ ಕಟ್ಟಿದ ಹಂದರ ಅದು. ಎಷ್ಟು ಎಳೆದರೂ ಸಡಿಲವಾಗದ ಗಂಟು. ನನಗೂ ಕಲಿಸಿದರು, ನನ್ನದು ಇನ್ನೂ ಜಾರುತ್ತದೆ.

ಏಪ್ರಿಲ್ ೯, ಬುಧವಾರ

ಬಾಗಲಕೋಟೆಗೆ ಹೋಗಿ ಬಂದೆ. ಗಾಯ ಪೂರ್ತಿ ಮಾಯ್ದಿದೆ. ಮಾತನಾಡಬಹುದು, ಒಮ್ಮೆಗೆ ಹತ್ತು ನಿಮಿಷ ಮೀರದಂತೆ. ಆದರೆ ಕೂಗುವ ಕೆಲಸ ಒಂದು ವರ್ಷ ಬೇಡ. ಆಮೇಲೆ ನೋಡೋಣ ಎಂದರು, ನೋಡೋಣ ಎಂಬುದರ ಅರ್ಥ ನನಗೆ ಗೊತ್ತು. ದನಿ ಇನ್ನು ಇಷ್ಟೇ, ಹೀಗೇ ದಪ್ಪಗೆ.

ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಯಾರೋ ಕಂಡಕ್ಟರ್ "ಹುನಗುಂದ, ಇಳಕಲ್, ಕುಷ್ಟಗಿ" ಎಂದು ಕೂಗಿದ. ನನ್ನ ಗಂಟಲು ತಾನೇ ಎದ್ದು ಆಮೇಲೆ ಇಳಿಯಿತು.

ಡಿಪೊಕ್ಕೆ ಹೋಗಿ ಕಾಗದ ಕೊಟ್ಟೆ. ಮೇ ಹನ್ನೆರಡರಿಂದ ಪಾಸ್ ಕೌಂಟರಿಗೆ ಹಾಕುತ್ತಾರಂತೆ. ಕಿಟಕಿಯ ಹಿಂದೆ ಕೂರುವುದು. ಮೊದಲಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆನೋ ಏನೋ. ಬೆಳಗಿನ ಪಾಳಿ ಕೊಡಿ, ಮೂರಕ್ಕೆ ಮನೆಗೆ ಹೋಗಬೇಕು ಎಂದು ಕೇಳಿಕೊಂಡೆ. ಸಂಜೆ ನೀರು ಬಿಡುವುದಿರುತ್ತದೆ.

ದಾರಿಯಲ್ಲಿ ಹಾಗಲ ಬೀಜ ತಂದೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಎಲ್ಲ ಹೇಳಿದೆ. ಕೇಳಿ, ಬೀಜದ ಪಾಕೀಟು ತಿರುಗಿಸಿ ನೋಡುತ್ತ, "ಆ ಕೌಂಟರ್ ಕಿಟಕಿಗೆ ಬಿಸಲ ಯಾವ ಕಡೆಯಿಂದ ಬೀಳತೈತಿ?" ಎಂದರು. ಕುಂಡದಲ್ಲಿ ಏನಾದರೂ ಇಡಬಹುದೇ ಎಂಬ ಲೆಕ್ಕ. ನಗು ಬಂತು. ನಗುವಾಗ ಗಂಟಲು ನೋಯಲಿಲ್ಲ.

ಏಪ್ರಿಲ್ ೧೩, ರವಿವಾರ

ಹೆಣ್ಣು ಹೂವು! ಒಂದು ವಾರದಿಂದ ಹೀರೆಯಲ್ಲಿ ಬರೀ ಗಂಡು ಹೂವು ಗೊಂಚಲು ಗೊಂಚಲಾಗಿ ಬಂದು ಉದುರುತ್ತಿದ್ದವು. ಇವತ್ತು ಸಂಜೆ ಒಂದು ಹಳದಿ ಹೂವಿನ ಹಿಂದೆ ಕಿರುಬೆರಳಿನಷ್ಟು ಹೀಚು, ಅದರ ಮೇಲೆ ಆಗಲೇ ಗೆರೆಗಳು. ಹೀರೆಯ ಹೂವು ಅರಳುವುದು ಸಂಜೆಗೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅತ್ತೆ ಗಂಡು ಹೂವೊಂದನ್ನು ಕಿತ್ತು ಅದಕ್ಕೆ ಮುಟ್ಟಿಸಿದರು, ಹೋಳಿಗೆಗೆ ತುಪ್ಪ ಸವರಿದಷ್ಟು ಹಗುರ. ದುಂಬಿ ಬರದ ದಿನ ಹೀಗೆ ಮಾಡಬೇಕಂತೆ. ಇನ್ನೊಂದನ್ನು ನಾನು ಮುಟ್ಟಿಸಿದೆ.

ಬದನೆಯಲ್ಲಿ ಮೊಗ್ಗು, ಮೂರು ಗಿಡದಲ್ಲಿ.

ಏಪ್ರಿಲ್ ೧೭, ಗುರುವಾರ

ಬೆಂಡೆಕಾಯಿ. ಹನ್ನೊಂದು. ಕಿತ್ತ ಕೂಡಲೇ ಒಂದನ್ನು ಹಸಿಯಾಗಿಯೇ ತಿಂದೆ. ಅತ್ತೆಯೂ ತಿಂದರು.

ಏಪ್ರಿಲ್ ೨೨, ಮಂಗಳವಾರ

ನಾಲ್ಕು ಗಂಟೆಗೆ ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತು. ಗಾಳಿ, ಹಿಂದೆಯೇ ಆಲಿಕಲ್ಲು, ನಿಂಬೆಹಣ್ಣಿನಷ್ಟು. ಬಟ್ಟೆ ತೆಗೆದು ಒಳಗೆ ಹಾಕಿ ತಿರುಗಿ ನೋಡಿದರೆ ಅತ್ತೆ ಹಿತ್ತಲಿನಲ್ಲಿ. ಗೋಡೆಗೆ ಆನಿಸಿಟ್ಟ ಕಲ್ಲುಗಳ ಮೇಲೆ ಹತ್ತಿ, ಎರಡೂ ಕೈಯಿಂದ ಹಂದರ ಹಿಡಿದು ನಿಂತಿದ್ದಾರೆ. ಎಪ್ಪತ್ತರ ಹತ್ತಿರದವರು. ಕಾಲ ಕೆಳಗಿನ ಪಟ್ಟಿ ಜಾರುತ್ತಿದೆ.

ಕೂಗಲು ಬಾಯಿ ತೆರೆದೆ. ಏನೂ ಬರಲಿಲ್ಲ. ಓಡಿದೆ. ಸೊಂಟ ಹಿಡಿದು ಎಳೆದುಕೊಂಡಾಗ ಇಬ್ಬರೂ ಕೆಸರಿಗೆ ಬಿದ್ದೆವು. ಪಟ್ಟಿ ನಾವಿದ್ದ ಕಡೆಯೇ ಬಿತ್ತು, ಒಂದು ಗೇಣು ಅತ್ತ. ಅವರ ಮೈ ಮೇಲೆ ನನ್ನ ಮೈ ಹಾಕಿ ಆಲಿಕಲ್ಲು ನಿಲ್ಲುವವರೆಗೆ ಹಾಗೇ ಇದ್ದೆ. ಬೆನ್ನಿಗೆ ಬಾವು ಬಂದಿದೆ. ಅವರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನಿಲ್ಲ.

ಹಂದರ ನೆಲಕ್ಕೆ. ಹೀರೆಯ ಎರಡು ಬಳ್ಳಿ ತುಂಡು. ಬೆಂಡೆ ಎಲೆಗಳು ಜರಡಿಯಂತಾಗಿವೆ. ಬದನೆ ಇಪ್ಪತ್ತಾರೂ ಮಲಗಿವೆ. ಅತ್ತೆ ಸೀರೆ ಬದಲಿಸಿ, ಬದನೆಯ ಸಾಲಿನ ಹತ್ತಿರ ಒಂದು ಕ್ಷಣ ನಿಂತು, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟಕ್ಕೆ ಏಳಲಿಲ್ಲ.

ನಮ್ಮವರು ಹೊಸ ಸಸಿ ತಂದರಾಯಿತು ಎಂದರು. ಅವರಿಗೆ ಏನೂ ತಿಳಿಯುವುದಿಲ್ಲ. ಸಣ್ಣ ನೋಟ್‌ಬುಕ್ಕಿನಲ್ಲಿ ನಂಬರು ಹುಡುಕಿ ಸಂಗಯ್ಯನವರಿಗೆ ಫೋನು ಮಾಡಿದೆ. ನನ್ನ ಈ ದನಿಯಲ್ಲಿ ಹೊರಗಿನವರೊಬ್ಬರ ಜೊತೆ ಫೋನಿನಲ್ಲಿ ಮಾತನಾಡಿದ್ದು ಇದೇ ಮೊದಲು. ಯಾರಪ್ಪಾ ಎಂದರು ಅವರು.

"ಮಾವಾರ, ನಾ ಸುನಂದಾರಿ, ಇಳಕಲ್ಲಿಂದ. ಆಣಿಕಲ್ಲ ಬಿದ್ದು ಬದನಿ ಎಲ್ಲಾ ಮಲಗ್ಯಾವು. ಅತ್ತಿ ಉಂಡಿಲ್ಲ."

"ಇವತ್ತ ಯಾವ ಗಿಡಾನೂ ಮುಟ್ಟಬ್ಯಾಡ್ರಿ" ಎಂದರು. "ಮದಲನೇ ಬಸ್ಸಿಗೆ ಬರ್ತೇನಿ."

ಏಪ್ರಿಲ್ ೨೩, ಬುಧವಾರ

ಹದಿನೇಳು ಬದನೆ ಗಿಡ ಉಳಿದಿವೆ. ಹದಿನೇಳು!

ಸಂಗಯ್ಯನವರು ಒಂಬತ್ತಕ್ಕೆ ಬಂದರು, ಹೆಗಲ ಮೇಲೆ ತೊಗರಿ ಕಟ್ಟಿಗೆಯ ಹೊರೆ. ಬಸ್ಸಿನಲ್ಲಿ ಅದಕ್ಕೆ ಜಾಗ ಕೊಡಲು ಕಂಡಕ್ಟರ್ ತಕರಾರು ಮಾಡಿದನಂತೆ. ಮಾಡಬೇಕಾದ್ದೇ, ನಾನಾದರೂ ಮಾಡುತ್ತಿದ್ದೆ. ಅತ್ತೆ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ಸಂಗಯ್ಯನವರೂ ಕರೆಯಲಿಲ್ಲ. ಚಪ್ಪಲಿ ಕಳಚಿ ನೇರ ಹಿತ್ತಲಿಗೆ ಹೋಗಿ ಕೂತರು. ಮುರಿದ ತುದಿಯನ್ನು ಚಿಗುರುವ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸುವುದು, ಬುಡಕ್ಕೆ ಮಣ್ಣೇರಿಸಿ ಒತ್ತುವುದು, ಕಟ್ಟಿಗೆ ಊರುವುದು, ಕಟ್ಟುವುದು. ನಾನು ನೂಲು ಹರಿದು ಕೊಡುತ್ತಿದ್ದೆ. ನಾನು ಹಾಕಿದ ಗಂಟು ಎರಡು ಸಲ ಜಾರಿತು.

ಮೂರನೆಯದು ಜಾರುವಾಗ ಅತ್ತೆಯ ಕೈ ಬಂತು. ಯಾವಾಗ ಬಂದು ಪಕ್ಕದಲ್ಲಿ ಕೂತರೋ. ಅಕ್ಕ ತಮ್ಮ ಇಬ್ಬರೂ ಒಂದೇ ಸಾಲಿನಲ್ಲಿ, ಒಬ್ಬರು ಗಿಡ ಎತ್ತಿ ಹಿಡಿಯುವುದು, ಒಬ್ಬರು ಕಟ್ಟುವುದು. ಮುಖ ನೋಡಿಕೊಳ್ಳಲಿಲ್ಲ. ಆರನೆಯದೋ ಏಳನೆಯದೋ ಗಿಡ ಹಿಡಿದುಕೊಂಡು ಅವರು ಹೇಳಿದರು.

"ಆವತ್ತ ಬಂದ್ ಇತ್ತಕ್ಕಾ. ಹೊತ್ತ ಏರೂದ್ರಾಗ ನಿನಗ ಸುದ್ದಿ ಹೇಳಾಕ ಆಳ ಕಳಿಸಿದ್ದೆ. ಬಸ್ಸ ಅಮೀನಗಡದಾಗ ನಿಂದರಿಸಿಬಿಟ್ರು. ಅವ ನಡಕೋತ ಬಂದು ನಿಮ್ಮನಿ ಮುಟ್ಟೂದ್ರಾಗ ಮರುದಿನಾ ಆತು."

ಅತ್ತೆಯ ಕೈ ನಿಂತಿತು.

"ಹೊತ್ತ ಮುಳುಗೂತನಾ ಕಾದ್ವಿ. ಇನ್ನ ಇಡಬಾರದಂತ ಹಿರ್ಯಾರು ಅಂದ್ರು. ನೀ ಬಂದಾಕಿ ನನ್ನ ಮಾರೀನೂ ನೋಡದ ಹೊಳ್ಳಿದಿ. ಹೇಳಾಕ ಯಾರಿದ್ರು?"

"ಇಪ್ಪತ್ತೆರಡ ವರ್ಸ ಇತ್ತಲ್ಲೋ ಸಂಗ್ಯಾ" ಎಂದರು ಅತ್ತೆ. ದನಿ ಒಡೆದಿತ್ತು. "ಇಪ್ಪತ್ತೆರಡ ವರ್ಸದಾಗ ಒಂದ ಮಾತ ಹೇಳಾಕ ಬರಲಿಲ್ಲ?"

"ನೀ ಕೇಳ್ತಿ ಅಂತ ಕುಂತೆ."

ಇಬ್ಬರೂ ಅತ್ತರು. ಅವ್ವ ಕೊನೆಗಾಲಕ್ಕೆ ಇವರನ್ನು ನೆನೆಸಿದ್ದಳೇ, ಕೊನೆಯ ದಿನ ಏನು ಉಂಡಳು ಎಂದು ಅತ್ತೆ ಕೇಳುತ್ತಿದ್ದರು, ಅವರು ಹೇಳುತ್ತಿದ್ದರು. ನಾನು ಎದ್ದು ಅಡಿಗೆಗೆ ಹೋದೆ. ಮಧ್ಯಾಹ್ನ ಮೂವರೂ ಕೂತು ಉಂಡೆವು. ಮುರಿದ ಹೀರೆ ಬಳ್ಳಿಗಳಲ್ಲಿ ಒಂದರ ಎರಡು ತುದಿ ಕೂಡಿಸಿ, ಮಣ್ಣು ಮೆತ್ತಿ, ಅತ್ತೆ ನೂಲು ಸುತ್ತಿದ್ದಾರೆ, ಮಗ್ಗದಲ್ಲಿ ಹರಿದ ಎಳೆ ಕೂಡಿಸಿದ ಹಾಗೆ. 'ಬದುಕತೈತಿ' ಎನ್ನುತ್ತಾರೆ ತಮ್ಮ, 'ಇಲ್ಲ' ಎನ್ನುತ್ತಾರೆ ಅಕ್ಕ.

ಮೇ ೩, ಶನಿವಾರ

ಸಂಗಯ್ಯನವರು ಹೇಳಿದ್ದೇ ಸರಿ. ಬಳ್ಳಿ ಬದುಕಿದೆ, ಗಂಟಿನ ಮುಂದೆ ಹೊಸ ಚಿಗುರು.

ಚವಳಿ ದಿನಾ ಒಂದು ಮುಷ್ಟಿ. ಮೆಣಸಿನ ಗಿಡ ಆಲಿಕಲ್ಲಿನ ನೆನಪೇ ಇಲ್ಲದಂತೆ ಹೂ ಬಿಟ್ಟಿದೆ. ಬದನೆಗೆ ಕೆಳಗಿನಿಂದ ಹೊಸ ಟೊಂಗೆ ಬಂದು ನೇರಳೆ ಹೂವು ಮತ್ತೆ ಶುರು. ನಲವತ್ತೊಂದು ಡಿಗ್ರಿ ಬಿಸಿಲಂತೆ, ಹಿತ್ತಲಿನಲ್ಲಿ ನನಗೆ ಹಾಗನಿಸುವುದಿಲ್ಲ.

ಮೇ ೧೧, ರವಿವಾರ

ಮೊದಲ ಬದನೆಕಾಯಿ ಕಚ್ಚಿದೆ! ನಿಂಬೆಯಷ್ಟು, ಹಸಿರು ಗೆರೆ, ತೊಟ್ಟಿನ ಮೇಲೆ ಮುಳ್ಳು. ಕೀಳಲು ಇನ್ನೂ ನಾಲ್ಕು ದಿನ. ಅದನ್ನು ತೋರಿಸಲು ಅತ್ತೆ ಮನೆಯಲ್ಲಿಲ್ಲ. ಗುರುವಾರ ತವರಿಗೆ ಹೋದರು, ಒಬ್ಬರೇ. ಖಾಸಿಂಸಾಬರ ಗಾಡಿಗೆ ಹತ್ತಿಸಿದೆ, ಅಮೀನಗಡದಲ್ಲಿ ತಮ್ಮ ಬಂದು ಇಳಿಸಿಕೊಂಡರು. ಹೋಗುವಾಗ ನನಗೆ ಕೊಟ್ಟ ಸೂಚನೆಗಳು ಸಣ್ಣ ನೋಟ್‌ಬುಕ್ಕಿನ ಐದು ಪುಟ.

ನಾಳೆಯಿಂದ ಕೌಂಟರು. ಸೀರೆ ಇಸ್ತ್ರಿ ಮಾಡಿಟ್ಟೆ.

ಸಂಜೆ ಫೋನು ಮಾಡಿದೆ, ಬದನೆಯ ಸುದ್ದಿ ಹೇಳಲು. ಕೇಳಿ ಅವರು ಅಲ್ಲಿಂದಲೇ ತಮ್ಮನಿಗೆ ಕೂಗಿ ಹೇಳಿದರು. ಆಮೇಲೆ ಹೊಳೆಯ ನೀರು ಎಷ್ಟಿದೆ, ಮರಳಿನಲ್ಲಿ ಈಗ ಯಾರೂ ಸವತೆ ಹಾಕುವುದಿಲ್ಲವಂತೆ, ನಾದಿನಿ ಮಾಡುವ ಸಾರಿಗೆ ಉಪ್ಪೇ ಇರುವುದಿಲ್ಲ, ನಿನ್ನ ಗಂಡ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೋ, ಕೌಂಟರಿನಲ್ಲಿ ಯಾರಾದರೂ ಜೋರು ಮಾಡಿದರೆ ನೀನು ಜೋರು ಮಾಡಬೇಡ, ಬರೆದು ತೋರಿಸು. ನಾನು ಏನೇನು ಹೇಳಿದೆನೋ ಅರ್ಧ ನೆನಪಿಲ್ಲ. ಇಟ್ಟ ಮೇಲೆ ನೋಡಿದರೆ ಇಪ್ಪತ್ತೆರಡು ನಿಮಿಷ. ಡಾಕ್ಟರು ಹೇಳಿದ್ದು ಹತ್ತು. ಉಪ್ಪು ನೀರಿನಲ್ಲಿ ಗಂಟಲು ಮುಕ್ಕಳಿಸಿದೆ, ನಾಳೆ ಹೊಸ ಕೆಲಸ, ದನಿ ಕೆಡಬಾರದು.

ಬೆಳಿಗ್ಗೆ ಹೋಗುವ ಮುಂಚೆ ಬದನೆಯ ಹೂವು ಎಣಿಸಬೇಕು. ಎಷ್ಟು ಉದುರಿದವು, ಎಷ್ಟು ನಿಂತವು ಎಂದು ಅತ್ತೆ ಕೇಳಿದ್ದಾರೆ. ನಾಳೆ ಫೋನು ಮಾಡಿ ಹೇಳುತ್ತೇನೆ ಎಂದಿದ್ದೇನೆ.